ಒಲೆ ಆರಿಸುವವರು

ಫೋನನ್ನು ಎಡಗೈಗೆ ಬದಲಾಯಿಸಿಕೊಂಡು, ಬಲಗೈಯಲ್ಲಿ ತುಳಸಿ ದಳ ಹಿಡಿದು, ಶ್ರೀಪಾದ ಹೆಂಡತಿ ಮಲಗಿದ್ದ ಪೆಟ್ಟಿಗೆಯ ಮೇಲೆ ಬಾಗಿದ.

“ಇನ್ನೂ ಸ್ವಲ್ಪ ಕೆಳಗೆ ಹಿಡೀರಿ, ಮುಖ ಕಾಣ್ತಿಲ್ಲ,” ಎಂದು ಮೈಸೂರಿನಿಂದ ಪುರೋಹಿತ ಶಂಕರ ಭಟ್ಟರು ಕೂಗಿದರು.

ಕೆಳಗೆ ಹಿಡಿದರೆ ಪರದೆಯ ತುಂಬ ಬಿಳಿ ಸೇವಂತಿಗೆ. ಮೇಲೆ ಹಿಡಿದರೆ ಸಭಾಂಗಣದ ಚಾವಣಿಯ ದೀಪ. ಭಟ್ಟರ ಪಕ್ಕದಲ್ಲಿ ಕೂತಿದ್ದ ಹೆಂಡತಿಯ ಅಕ್ಕ ಶಾರದಾ, ತಂಗಿಯ ಮುಖ ಅರೆಕ್ಷಣ ಕಂಡಾಗಲೆಲ್ಲ ಅಳುತ್ತಿದ್ದಳು, ಮರೆಯಾದಾಗ ಸುಮ್ಮನಾಗುತ್ತಿದ್ದಳು. ಅಳುವುದಕ್ಕೂ ಇಲ್ಲಿ ನೆಟ್‌ವರ್ಕು ಬೇಕಾಯಿತಲ್ಲ ಎಂದು ಶ್ರೀಪಾದನಿಗೆ ರೇಗಿತು.

ತುಳಸಿಯನ್ನು ತುಟಿಯ ಮೇಲಿಡಲು ಹೋದವನನ್ನು ಅಂತ್ಯಕ್ರಿಯೆಯ ಉಸ್ತುವಾರಿ ನೋಡುತ್ತಿದ್ದ ಒನೋ-ಸಾನ್ ತಡೆದ. “ಸುಮಿಮಾಸೆನ್, ಕ್ಷಮಿಸಿ. ಕುತ್ತಿಗೆಯ ಹತ್ತಿರ, ಹೊಟ್ಟೆಯ ಮೇಲೆ, ದೇಹ ಕೆಡದಂತೆ ಡ್ರೈ ಐಸ್ ಇದೆ. ಬರಿಗೈ ಸುಡುತ್ತದೆ.” ಶ್ರೀಪಾದ ಕೈ ಹಿಂದಕ್ಕೆ ಎಳೆದುಕೊಂಡ. ಒಂದು ದಳ ಜಾರಿ ಅವಳ ಮೇಲುಹೊದಿಕೆಯ ಮಡಿಕೆಯೊಳಗೆ ಎಲ್ಲೋ ಬಿತ್ತು. ಉಳಿದದ್ದನ್ನು ಒನೋ-ಸಾನನೇ ಬಿಳಿ ಕೈಗವಸಿನಲ್ಲಿ ತೆಗೆದುಕೊಂಡು, ಕಾತ್ಯಾಯಿನಿಯ ತುಟಿಗೆ ಇಟ್ಟು, ಎರಡು ಹೆಜ್ಜೆ ಹಿಂದೆ ಸರಿದು ತಲೆಬಾಗಿದ. ಮೂವತ್ತೈದು ವರ್ಷದ ದಾಂಪತ್ಯದ ಕೊನೆಯ ತುಳಸಿಯನ್ನೂ ಬೇರೆಯವನೇ ಹಾಕಿದ ಹಾಗಾಯಿತು.

ಕಾತ್ಯಾಯಿನಿ ಸತ್ತದ್ದು ಕ್ಯೋಟೋದ ತನ್ನ ಸಂಶೋಧನಾ ಸಂಸ್ಥೆಯ ಸೈಕಲ್ ನಿಲ್ದಾಣದಲ್ಲಿ. ಬೀಗ ತೆಗೆಯಲು ಬಾಗಿದವಳು ಮತ್ತೆ ಏಳಲಿಲ್ಲ. ಮಿದುಳಿನಲ್ಲಿ ರಕ್ತಸ್ರಾವ ಎಂದರು. ಅದಾಗಿ ನಾಲ್ಕು ದಿನ. ದಹನಕ್ಕೆ ಸರದಿ ಸಿಕ್ಕಿದ್ದು ಇವತ್ತು, ಮಾರ್ಚ್ ತಿಂಗಳ ಕೊನೆಯ ಕೆಲಸದ ದಿನ.

ಅವಳ ಲ್ಯಾಬಿನ ಮುಖ್ಯಸ್ಥ ಪ್ರೊಫೆಸರ್ ಕುರೊಕಾವಾ ಮುಂದೆ ಬಂದು ನಾಲ್ಕು ಮಾತಾಡಿದರು. ಬೆಳ್ಳಿ ಕೂದಲಿನ, ಮೆತ್ತಗಿನ ದನಿಯ ಮನುಷ್ಯ. “ಕಾತ್ಯಾಯಿನಿ-ಸಾನ್ ಅವರ ನೆರವಿಲ್ಲದಿದ್ದರೆ ನಮ್ಮ ಲ್ಯಾಬಿಗೆ ಇಷ್ಟು ಹೆಸರು ಬರುತ್ತಿರಲಿಲ್ಲ,” ಎಂದರು. ಎಲ್ಲರೂ ತಲೆಯಾಡಿಸಿದರು.

ನೆರವು! ಶ್ರೀಪಾದನ ಕಿವಿಯಲ್ಲಿ ಆ ಪದ ಮುಳ್ಳಿನಂತೆ ಕೂತಿತು. ಇಪ್ಪತ್ತು ವರ್ಷಕ್ಕೂ ಮೇಲೆ ದುಡಿದವಳು ನೆರವು ಕೊಟ್ಟಳಂತೆ. ಮದುವೆಮನೆಯಲ್ಲಿ ಎಲೆ ಹಾಕಿಕೊಟ್ಟವರ ಬಗ್ಗೆಯೂ ಇದಕ್ಕಿಂತ ಹೆಚ್ಚು ಹೇಳುತ್ತಾರೆ.

ಮಗಳು ಸಾಹಿತ್ಯ ಪಕ್ಕಕ್ಕೆ ಬಂದು ತೋಳು ಮುಟ್ಟಿದಳು. ಟೋಕಿಯೋದಲ್ಲಿ ಕೆಲಸಕ್ಕಿರುವ ಹುಡುಗಿ, ಬೆಳೆದದ್ದೆಲ್ಲ ಇಲ್ಲೇ.

“ಅಪ್ಪ, ಡೋಂಟ್ ಗೆಟ್ ಆಂಗ್ರಿ, ಓಕೆ? ಹಿಂದೆ ಕೂತಿದಾಳಲ್ಲ, ಅವಳು ಅಮೂಲ್ಯ. ಫ್ರಮ್ ಹಮಾಮತ್ಸು. ಅಲ್ಲಿ ಮೆಡಿಕಲ್ ಕಾಲೇಜಲ್ಲಿ ರಿಸರ್ಚ್ ಮಾಡ್ತಾಳೆ. ಅಮ್ಮ ಲ್ಯಾಬಲ್ಲಿ ಬೆಳೆಸಿದ ಸೆಲ್ಸ್ ಬಗ್ಗೆ ಏನೋ ಕೇಳ್ಬೇಕಂತೆ. ಅವಳಿಗೆ ಕೇಳೋಕೆ ನಾಚಿಕೆ.”

ಶ್ರೀಪಾದ ತಿರುಗಿ ನೋಡಿದ. ಯಾರದೋ ಎರವಲು ಕಪ್ಪು ಕೋಟಿನಲ್ಲಿ ಮುದುಡಿ ಕೂತಿದ್ದ ಹುಡುಗಿ ಅವನ ಕಣ್ಣಿಗೆ ಸಿಕ್ಕ ತಕ್ಷಣ ತಲೆ ತಗ್ಗಿಸಿದಳು.

“ಇವತ್ತೂ ಬಂದ್ರಾ?” ಎಂದ ಶ್ರೀಪಾದ, ಕನ್ನಡ ಬಲ್ಲವರಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ. “ಹೆಣ ಎತ್ತೋಕೆ ಮುಂಚೆಯೇ ಡಬ್ಬ ಹಿಡ್ಕೊಂಡು ನಿಂತ್ಬಿಟ್ರಾ?”

*

ಕ್ಯೋಟೋಗೆ ಬಂದ ಹೊಸತು. ಮೈಸೂರಿನ ಬ್ಯಾಂಕಿನ ಕೆಲಸ ಬಿಟ್ಟು ಹೆಂಡತಿಯ ಹಿಂದೆ ಬಂದ ಶ್ರೀಪಾದ, ಬೆಳಿಗ್ಗೆ ಜಪಾನೀ ಗೃಹಿಣಿಯರಿಗೆ ಇಂಗ್ಲಿಷ್ ಮಾತು ಕಲಿಸಿ, ಮಧ್ಯಾಹ್ನ ಮಗಳನ್ನು ಶಾಲೆಯಿಂದ ಕರೆತಂದು, ಸಂಜೆ ಹೆಂಡತಿಯ ದಾರಿ ಕಾಯುತ್ತಿದ್ದ. ಭಾನುವಾರವೂ ಅವಳು ಲ್ಯಾಬಿಗೆ ಓಡುತ್ತಿದ್ದಳು. “ಅವಕ್ಕೆ ಊಟ ಹಾಕ್ಬೇಕು ರೀ,” ಎನ್ನುತ್ತಿದ್ದಳು. ಗಾಜಿನಷ್ಟು ತಿಳಿಯಾದ ತಟ್ಟೆಗಳಲ್ಲಿ ಬೆಳೆಯುವ ಜೀವಕೋಶಗಳಿಗೆ ದಿನ ಬಿಟ್ಟು ದಿನ ಹೊಸ ದ್ರವ ಹಾಕದಿದ್ದರೆ ಸಾಯುತ್ತವಂತೆ. ಹಬ್ಬವಿಲ್ಲ, ಹರಿದಿನವಿಲ್ಲ.

“ನೀನು ಅಲ್ಲಿ ಮಾಡೋದಾದ್ರೂ ಏನೇ?” ಎಂದು ಒಂದು ದಿನ ಕೇಳಿಯೇಬಿಟ್ಟ.

ಅವಳು ಅಡುಗೆಮನೆಯಲ್ಲಿದ್ದಳು. ಕುಕ್ಕರು ಒಲೆಯ ಮೇಲಿತ್ತು. “ಕೋಶಕ್ಕೆ ಹೊರಗಿಂದ ಒಂದು ಸುದ್ದಿ ಬರತ್ತೆ ಅಂತಿಟ್ಕೊಳಿ. ಬೆಳಿ ಅಂತ. ಬಾಗಿಲಲ್ಲಿ ನಿಂತಿರೋ ಪ್ರೋಟೀನು ಅದನ್ನ ಕೇಳಿಸ್ಕೊಂಡು ಒಳಗಿನವನಿಗೆ ಹೇಳತ್ತೆ, ಅವನು ಇನ್ನೊಬ್ಬನಿಗೆ. ಹೀಗೆ ಸುದ್ದಿ ಒಳಮನೆ ತನಕ ಹೋಗತ್ತೆ. ಹೇಗೆ ಹೋಗತ್ತೆ ಅನ್ನೋದನ್ನ ಎಲ್ಲಾರೂ ನೋಡ್ತಿದಾರೆ.”

ಕುಕ್ಕರು ಮೂರನೆಯ ಸಲ ಕೂಗಿತು. ಅವಳು ಕೈ ಚಾಚಿ ಒಲೆ ಆರಿಸಿದಳು.

“ನಾನು ನೋಡ್ತಿರೋದು ಇದನ್ನ. ಮೂರು ಕೂಗಾದ್ಮೇಲೆ ಒಲೆ ಆರಿಸೋರು ಯಾರು? ಆರಿಸೋರೇ ಇಲ್ದಿದ್ರೆ ಅನ್ನ ಸೀದು ಹೋಗತ್ತಲ್ಲ, ಕೋಶ ಬೆಳೀತಾ ಬೆಳೀತಾ ಕ್ಯಾನ್ಸರ್ ಆಗೋದು ಹಾಗೇನೇ. ಆರಿಸೋ ಪ್ರೋಟೀನು ಒಂದು ಕ್ಷಣ ಬಂದು ಮಾಯ ಆಗತ್ತೆ ಅಂತ ಕುರೊಕಾವಾ-ಸಾನ್ ಹೇಳ್ತಾರೆ. ನಂಗೆ ಹಾಗನ್ಸಲ್ಲ. ಅದು ಅಲ್ಲೇ ನಿಂತಿರತ್ತೆ. ಮತ್ತೆ ಯಾರೂ ಹಚ್ಚಬಾರ್ದು ಅಂತ ತಿರುಪಿನ ಮೇಲೆ ಕೈ ಇಟ್ಕೊಂಡು.”

ಅದನ್ನು ಕಣ್ಣಿಂದ ನೋಡಲು ಅವಳು ಹೊಸ ಜೀವಕೋಶಗಳನ್ನೇ ಮಾಡಿದಳು. ಇಲಿಯ ಚರ್ಮದಿಂದ ತೆಗೆದವು. ಆರಿಸುವ ಪ್ರೋಟೀನು ತಿರುಪು ಹಿಡಿದಾಗ ಅವುಗಳೊಳಗೆ ಸಣ್ಣ ಹಸಿರು ಬೆಳಕು ಮೂಡುತ್ತಿತ್ತು. ಮೊದಲ ಸಲ ಬೆಳಕು ಕಂಡ ದಿನ ಅವಳು ಸೈಕಲ್ಲಿನಲ್ಲಿ ಹಾಡುತ್ತಾ ಬಂದಳು. ಶ್ರೀಪಾದ ಕೈಯಾರೆ ಮೈಸೂರುಪಾಕು ಮಾಡಿ, ಶಿಂಕಾನ್‌ಸೆನ್ ರೈಲು ಹತ್ತಿ, ಟೋಕಿಯೋದ ಫುನಾಬೊರಿಯ ದೀಪಾವಳಿ ಕೂಟಕ್ಕೆ ಒಯ್ದು, ಕಂಡಕಂಡವರಿಗೆ ಹಂಚಿದ. “ನಮ್ಮವಳು ಕಂಡುಹಿಡಿದಿದಾಳೆ! ಇನ್ನೊಂದು ವರ್ಷದಲ್ಲಿ ಪ್ರೊಫೆಸರ್ ಆಗ್ತಾಳೆ ನೋಡ್ತಿರಿ!” ತುಪ್ಪ ಕಡಿಮೆಯಾಗಿ ಪಾಕು ಕಲ್ಲಾಗಿತ್ತು. ಆದರೂ ಜನ ತಿಂದರು.

ಮರುವರ್ಷ ಕುರೊಕಾವಾರ ದೊಡ್ಡ ಪ್ರಬಂಧ ಹೊರಬಂತು. ಕಾತ್ಯಾಯಿನಿಯ ಕೋಶಗಳನ್ನೇ ಬಳಸಿ, ಬೆಳಕು ಒಂದು ಕ್ಷಣ ಮೂಡಿ ಆರಿಹೋಗುತ್ತದೆ ಎಂದು ಬರೆದಿದ್ದರು. ಅವಳ ಹೆಸರು ಎಲ್ಲೋ ನಡುವೆ. ಬೆಳಕು ಉಳಿಯುತ್ತದೆ, ನೋಡುವವರು ಇನ್ನಷ್ಟು ಹೊತ್ತು ಕಾಯಬೇಕು ಎಂದು ಅವಳು ಬೇರೆಯಾಗಿ ಬರೆದ ಪುಟ್ಟ ಪ್ರಬಂಧವನ್ನು ಯಾರೂ ಮೂಸಲಿಲ್ಲ. “ಓದಿದೋರಲ್ಲಿ ನಾನೂ ನೀವೂ ಸೇರಿ ಒಂದು ಆಟೋ ತುಂಬಲ್ಲ,” ಎಂದು ಅವಳೇ ನಕ್ಕಳು. ಶ್ರೀಪಾದನಿಗೆ ನಗು ಬರಲಿಲ್ಲ. ಮುಂದಿನ ದೀಪಾವಳಿಗೆ ಅವನು ಫುನಾಬೊರಿಗೆ ಹೋಗಲೂ ಇಲ್ಲ.

*

“ಅಂಕಲ್, ನಾನು ಕೇಳೋಕೆ ಬಂದಿದ್ದಲ್ಲ. ಮೇಡಂನ ನೋಡೋಕೇ ಬಂದೆ,” ಎಂದಳು ಅಮೂಲ್ಯ. ಕಣ್ಣು ಕೆಂಪಗಿತ್ತು. “ಇಲ್ಲಿ ಬಂದ್ಮೇಲೆ ಗೊತ್ತಾಯ್ತು. ಮೇಡಂ ಕೋಶಗಳಿರೋ ಲ್ಯಾಬಿನ ಫ್ರೀಜರ್ ಇವತ್ತೇ ಹೊರಗೆ ಹಾಕ್ತಾರಂತೆ. ಮಧ್ಯಾಹ್ನ ಲಾರಿ ಬರತ್ತಂತೆ.”

ಶ್ರೀಪಾದ ನೇರವಾಗಿ ಕುರೊಕಾವಾರ ಮುಂದೆ ಹೋಗಿ ನಿಂತ. ಹೌದು ಎಂದರು ಅವರು. ಈ ತಿಂಗಳಿಗೆ ತಮ್ಮ ನಿವೃತ್ತಿ. ಜಾಗ ಬೇರೆಯವರಿಗೆ ಹೋಗುತ್ತದೆ. ಕಾತ್ಯಾಯಿನಿ-ಸಾನ್ ಹೆಸರಿನ ಟ್ಯೂಬುಗಳನ್ನು ಮನೆಯವರು ಒಯ್ಯುವುದಾದರೆ ಮಧ್ಯಾಹ್ನದೊಳಗೆ ಒಯ್ಯಬಹುದು. ಆಮೇಲೆ ನಿಯಮದಂತೆ ಸುಟ್ಟುಬಿಡುತ್ತಾರೆ.

“ಒಂದು ವಾರ ಬೇರೆ ಫ್ರೀಜರಿನಲ್ಲಿ ಇಡಲು ಆಗುವುದಿಲ್ಲವೇ?”

ಕುರೊಕಾವಾ ಹಲ್ಲುಗಳ ನಡುವೆ ಗಾಳಿ ಎಳೆದುಕೊಂಡು ಕತ್ತು ಓರೆ ಮಾಡಿದರು. “ಅದು ಸ್ವಲ್ಪ ಕಷ್ಟ.”

ಈ ದೇಶದಲ್ಲಿ ಸ್ವಲ್ಪ ಕಷ್ಟ ಎಂದರೆ ಸಾಧ್ಯವೇ ಇಲ್ಲ ಎಂದರ್ಥ. ಅದು ಶ್ರೀಪಾದನಿಗೆ ಬಂದ ಮೊದಲ ವರ್ಷವೇ ತಿಳಿದಿತ್ತು. ಕಾಯಂ ಕೆಲಸ ಕೇಳಿದಾಗ ಕಾತ್ಯಾಯಿನಿಗೂ ಹೀಗೇ ಹೇಳಿದ್ದರು; ಹೀಗೇ ಕತ್ತು ಓರೆ ಮಾಡಿ, ಹೀಗೇ ತಲೆಬಾಗಿ. ಬೈಯೋಣವೆಂದರೆ ಎದುರಿನವರು ಆಗಲೇ ಅರ್ಧಕ್ಕೆ ಬಗ್ಗಿರುತ್ತಾರೆ, ಬೈಗುಳ ತಲೆಯ ಮೇಲೆ ಹಾದು ಗೋಡೆಗೆ ಬಡಿಯುತ್ತದೆ.

“ತಗೊಂಡು ಹೋಗಮ್ಮ,” ಎಂದ ಅಮೂಲ್ಯಳಿಗೆ, ತಿರಸ್ಕಾರದಿಂದ. “ಎಲ್ಲಾರೂ ತಗೊಂಡ್ರು, ನೀನೂ ತಗೋ.”

“ಹಾಗೇ ಒಯ್ಯೋಕಾಗಲ್ಲ ಅಂಕಲ್. ಕರಗಿದ್ರೆ ಸಾಯ್ತವೆ. ಹಮಾಮತ್ಸು ತನಕ ಡ್ರೈ ಐಸಲ್ಲೇ ಇರಬೇಕು. ಸಂಸ್ಥೆಗೆ ಡ್ರೈ ಐಸ್ ಬರೋದು ಮಂಗಳವಾರ. ಲ್ಯಾಬಿನ ಅಕೌಂಟೂ ಕ್ಲೋಸ್ ಆಗಿದೆ. ಊರಲ್ಲಿ ಎರಡು ಕಡೆ ಫೋನ್ ಮಾಡ್ದೆ, ಮುಂಚೆನೇ ಆರ್ಡರ್ ಕೊಡ್ಬೇಕಂತೆ.”

“ಕೊಂಬಿನಿ ಅಂಗಡಿಯಲ್ಲಿ ಐಸ್ ಸಿಗಲ್ವಾ?” ಎಂದು ಸಾಹಿತ್ಯ ಕೇಳಿದಳು.

“ಅದು ಜ್ಯೂಸಿಗೆ ಹಾಕೋ ಐಸ್. ಇವಕ್ಕೆ ಸಾಲಲ್ಲ.”

“ಬಿಡಿ ಹಾಗಾದ್ರೆ,” ಎಂದ ಶ್ರೀಪಾದ. “ಅವಳ ಜೊತೆಗೇ ಅವೂ ಹೋಗಲಿ.” ಹೇಳಿದ ಮೇಲೆ ಬಾಯಿ ಕಹಿಯಾಯಿತು.

*

ಇಷ್ಟು ವರ್ಷ ಅವಳ ಕೋಶಗಳ ಡಬ್ಬಗಳನ್ನು ಹೊತ್ತವನು ಅವನೇ. ಬಿಳಿ ಥರ್ಮಾಕೋಲಿನ ಡಬ್ಬ, ಒಳಗೆ ಡ್ರೈ ಐಸು, ಅದರ ನಡುವೆ ಬೆರಳುದ್ದದ ಟ್ಯೂಬುಗಳು. ಜರ್ಮನಿ, ಬ್ರೆಜಿಲ್, ಪುಣೆ. ಯಾರು ಕೇಳಿದರೂ ಕಾತ್ಯಾಯಿನಿ ಇಲ್ಲವೆನ್ನಳು. ಅವಳ ಅಕ್ಷರ ಕಾಗೆಕಾಲು. ವಿಳಾಸ ಬರೆಯುವುದು, ಸೈಕಲ್ಲಿಗೆ ಕಟ್ಟಿ ಕೊರಿಯರ್ ಕಚೇರಿಗೆ ಮುಟ್ಟಿಸುವುದು ಅವನ ಪಾಲು.

“ಪೂರ್ತಿ ಟೇಪ್ ಹಚ್ಚಬೇಡಿ ರೀ,” ಎಂದು ಪ್ರತಿ ಸಲ ಹೇಳುವಳು. “ಡ್ರೈ ಐಸು ಗಾಳಿಯಾಗತ್ತೆ. ಹೊರಗೆ ಹೋಗೋಕೆ ಒಂದು ಮೂಲೆ ಬಿಡಿ. ಇಲ್ಲಾಂದ್ರೆ ಡಬ್ಬ ಸಿಡಿಯತ್ತೆ.”

ಖಾಲಿಯಾಗಿ ಹಿಂದೆ ಬಂದ ಒಂದು ಡಬ್ಬವನ್ನು ಅವನು ಅಡುಗೆಮನೆಗೆ ತಂದುಕೊಂಡಿದ್ದ. ಕ್ಯೋಟೋದ ಚಳಿಗೆ ಇಡ್ಲಿ ಹಿಟ್ಟು ಹುಳಿಯೇರುವುದಿಲ್ಲ. ಆ ಡಬ್ಬದೊಳಗೆ ಬಿಸಿನೀರಿನ ಬಾಟಲಿಯ ಜೊತೆಗಿಟ್ಟರೆ ಬೆಳಗಾಗುವಷ್ಟರಲ್ಲಿ ಉಬ್ಬಿರುತ್ತಿತ್ತು. ವಿಜ್ಞಾನದಿಂದ ತನಗೆ ದಕ್ಕಿದ್ದು ಇದೊಂದೇ ಎಂದು ಬಂದವರ ಮುಂದೆ ಆಡಿಕೊಳ್ಳುತ್ತಿದ್ದ.

ಒಂದು ಚಳಿಗಾಲ, ಹಿಮ ಬಿದ್ದ ಬೆಳಿಗ್ಗೆ, ಕಾಮೊ ನದಿಯ ಸೇತುವೆಯ ಮೇಲೆ ಸೈಕಲ್ಲು ಜಾರಿ ಬಿದ್ದ. ಡಬ್ಬವನ್ನು ಎದೆಗವಚಿಕೊಂಡೇ ಬಿದ್ದದ್ದರಿಂದ ಮೊಣಕಾಲು ತರಚಿತು. ಮನೆಗೆ ಬಂದವನನ್ನು ಅವಳು ಮೊದಲು ಕೇಳಿದ್ದು, “ಡಬ್ಬ ಮುಚ್ಚೇ ಇತ್ತಾ?”

ಅವನ ಪಿತ್ತ ನೆತ್ತಿಗೇರಿತು. “ನಿನ್ನ ಹತ್ರ ತಗೊಂಡೋರೆಲ್ಲ ಪ್ರೊಫೆಸರಾದ್ರು. ಅವರ ಪೇಪರಿನ ಮೂಲೆಯಲ್ಲಿ ಇರುವೆಯಷ್ಟು ಅಕ್ಷರದಲ್ಲಿ ಏನು ಬರೀತಾರೆ? ‘ಈ ಕೋಶಗಳು ಕಾತ್ಯಾಯಿನಿ ರಾವ್ ಅವರ ಉದಾರ ಕೊಡುಗೆ.’ ದೇವಸ್ಥಾನದ ಟ್ಯೂಬ್‌ಲೈಟ್ ಮೇಲೆ ಬರೆಸಿದ ಹಾಗೆ! ಹೆಸರು ಬೇಡ್ವೇನೇ ನಿಂಗೆ?”

ಅವಳು ಅವನ ಮೊಣಕಾಲಿಗೆ ಅರಿಶಿನ ಒತ್ತುತ್ತಿದ್ದಳು. ಕೈ ನಿಂತಿತು.

“ಬೇಕು ರೀ. ಯಾರಿಗೆ ಬೇಡ? ತುಂಬಾನೇ ಬೇಕು.” ಕಣ್ಣಲ್ಲಿ ನೀರಿತ್ತು. “ಆದ್ರೆ ನಾನೊಬ್ಬಳೇ ನೋಡಿದ್ರೆ ಅದು ಇದ್ದ ಹಾಗಲ್ಲ. ಎಲ್ಲೋ ಇರೋ ಯಾರದೋ ಕೈಯಲ್ಲೂ ಆ ದೀಪ ಹತ್ತಿಕೊಂಡು ಉಳೀಬೇಕು. ಆಗ ಮಾತ್ರ ನಾನು ಹೇಳಿದ್ದು ನಿಜ. ಕೊಡದೇ ಇನ್ನೇನ್ ಮಾಡ್ಲಿ?”

ಪ್ರತಿ ಶರತ್ಕಾಲ ಸಂಸ್ಥೆಯವರು ಪ್ರಯೋಗಕ್ಕೆ ಸತ್ತ ಪ್ರಾಣಿಗಳಿಗೆಂದು ಕಲ್ಲಿನ ಮುಂದೆ ಹೂವಿಟ್ಟು ಕೈಮುಗಿಯುತ್ತಾರೆ. ಕಾತ್ಯಾಯಿನಿ ತಪ್ಪದೆ ಹೋಗುತ್ತಿದ್ದಳು. “ಇಲಿಗೂ ಇಲ್ಲಿ ವರ್ಷಕ್ಕೊಂದು ಮರ್ಯಾದೆ ಇದೆ, ನಿಂಗೇ ಇಲ್ಲ,” ಎಂದು ಶ್ರೀಪಾದ ಆ ದಿನವೂ ಬಿಡಲಿಲ್ಲ.

*

“ಪೆಟ್ಟಿಗೆ ಮುಚ್ಚುವ ಹೊತ್ತಾಯಿತು,” ಎಂದು ಒನೋ-ಸಾನ್ ತಲೆಬಾಗಿ ಹೇಳಿದ.

ಅಮೂಲ್ಯ ಮತ್ತೆ ಎದುರಿಗೆ ಬಂದು ನಿಂತಿದ್ದಳು. ಈ ಸಲ ತಲೆ ತಗ್ಗಿಸಲಿಲ್ಲ. “ಅಂಕಲ್, ಇದನ್ನೊಂದು ನೋಡ್ಬಿಡಿ. ಆಮೇಲೆ ಬೈರಿ.”

ಫೋನಿನಲ್ಲಿ ಕಪ್ಪು ಚಿತ್ರ. ಕಪ್ಪಿನ ತುಂಬ ಹಸಿರು ಚುಕ್ಕೆಗಳು.

“ಇದು ಶುರುವಲ್ಲಿ ತೆಗೆದದ್ದು. ಇದು ಮಾರನೇ ದಿನ. ಇದು ಅದರ ಮಾರನೇ ದಿನ.” ಅವಳು ಸರಿಸುತ್ತಾ ಹೋದಳು. ಚುಕ್ಕೆಗಳು ಆರಿರಲಿಲ್ಲ. “ಉಳ್ಕೊಂಡಿದೆ ಅಂಕಲ್. ಮೇಡಂ ಹೇಳಿದ್ದೇ ಸರಿ. ಅವತ್ತಿನ ಕ್ಯಾಮೆರಾ ಬೆಳಕಿಗೇ ಕೋಶಗಳು ಬಳಲಿ ಆರಿಹೋಗ್ತಿದ್ವು. ನಾನು ಕಡಿಮೆ ಬೆಳಕಲ್ಲಿ ನೋಡ್ದೆ. ಆದ್ರೆ ನನ್ನ ಹತ್ರ ಇರೋ ಕೋಶಗಳು ಕೈಯಿಂದ ಕೈಗೆ ಬಂದಿರೋವು. ವರ್ಷಾನುಗಟ್ಲೆ ಬೆಳೆದು ಬೆಳೆದು ಬದಲಾಗಿರಬಹುದು, ಮೊದಲು ಮಾಡಿದ್ದರಲ್ಲೇ ತೋರಿಸಿ ಅಂತ ಅಚ್ಚಿಗೆ ಮುಂಚೆ ಪೇಪರ್ ಪರಿಶೀಲಿಸೋರು ಕೇಳ್ತಿದಾರೆ. ಮೊದಲು ಮಾಡಿದ್ದು ಇರೋದು ಆ ಫ್ರೀಜರಲ್ಲಿ ಮಾತ್ರ.”

ಶ್ರೀಪಾದ ಫೋನನ್ನು ತನ್ನ ಕೈಗೆ ತೆಗೆದುಕೊಂಡ. “ಅವಳು ನೋಡಿದ್ಲಾ ಇದನ್ನ?”

“ಹೋದ ವಾರ ಕಳಿಸ್ದೆ. ನೋಡಿದ ತಕ್ಷಣ ಫೋನ್ ಮಾಡಿದ್ರು. ಅಂಕಲ್‌ಗೆ ಹೇಳಿ ಮೇಡಂ ಅಂದೆ. ನಕ್ಕುಬಿಟ್ರು. ‘ಈಗ್ಲೇ ಹೇಳಿದ್ರೆ ಅವರು ಮೈಸೂರುಪಾಕು ಹಂಚಿಬಿಡ್ತಾರೆ. ಪೂರ್ತಿ ಖಾತ್ರಿ ಆಗ್ಲಿ. ಈ ಸಲ ತುಪ್ಪ ನಾನೇ ಹಾಕ್ತೀನಿ’ ಅಂದ್ರು.”

ಹೋದ ವಾರವೆಲ್ಲ ಕಾತ್ಯಾಯಿನಿ ಸಾರಿಗೆ ಒಗ್ಗರಣೆ ಹಾಕುತ್ತಾ ತನ್ನಷ್ಟಕ್ಕೇ ಗುನುಗುತ್ತಿದ್ದಳು. ಏನು ವಿಶೇಷ ಎಂದು ಶ್ರೀಪಾದ ಕೇಳಿರಲಿಲ್ಲ.

“ಹೆಸರು?” ಎಂದ ಕೊನೆಗೆ. “ಯಾರ ಹೆಸರು ಹಾಕ್ತೀಯ?”

“ಸುಳ್ಳು ಹೇಳಲ್ಲ ಅಂಕಲ್. ಮೊದಲನೇದು ನಂದು. ಕೊನೇದು ನಮ್ಮ ಬಾಸ್‌ದು. ಮೇಡಂದು ಮಧ್ಯ.”

“ಮತ್ತೆ ಮಧ್ಯ.”

“ಆದ್ರೆ ಮೊದಲನೇ ಸಾಲಿನಲ್ಲೇ ಇರತ್ತೆ, ಕಾತ್ಯಾಯಿನಿ ರಾವ್ ಹೇಳಿದ್ದು ಸರಿ ಅಂತ. ಅದನ್ನ ಯಾರು ತೆಗೀ ಅಂದ್ರೂ ತೆಗೆಯಲ್ಲ.”

ಪೆಟ್ಟಿಗೆಯ ಬಳಿ ಒನೋ-ಸಾನ್ ಹೊದಿಕೆ ಸರಿಸುತ್ತಿದ್ದ. ದಹನದ ಕುಲುಮೆಗೆ ಒಯ್ಯುವ ಮೊದಲು ಒಳಗಿನ ಡ್ರೈ ಐಸು ತೆಗೆಯಬೇಕು. ಹತ್ತಿಬಟ್ಟೆಯಲ್ಲಿ ಸುತ್ತಿದ ಬಿಳಿ ಇಟ್ಟಿಗೆಯೊಂದನ್ನು ಅವಳ ಹೊಟ್ಟೆಯ ಮೇಲಿಂದ ಎತ್ತಿ ತಟ್ಟೆಯಲ್ಲಿಟ್ಟ. ಅದರಿಂದ ಬಿಳಿ ಹೊಗೆ ಕೆಳಮುಖವಾಗಿ ಇಳಿಯಿತು.

ಶ್ರೀಪಾದ ಅದನ್ನೇ ನೋಡಿದ. ಮರುಕ್ಷಣ ಗೋಡೆಯ ಬದಿಗೆ ನಡೆದು, ಅಕ್ಕಿ, ಎಳ್ಳು, ಗಂಗಾಜಲವನ್ನೆಲ್ಲ ತಾನು ತುಂಬಿ ತಂದಿದ್ದ ಇಡ್ಲಿ ಹಿಟ್ಟಿನ ಥರ್ಮಾಕೋಲ್ ಡಬ್ಬವನ್ನು ನೆಲದ ಮೇಲೆ ಬರಿದುಮಾಡಿದ.

“ಒನೋ-ಸಾನ್, ಆ ಐಸು ನನಗೆ ಬೇಕು.”

ಒನೋ-ಸಾನ್ ಕಣ್ಣರಳಿಸಿದ. ಹಲ್ಲುಗಳ ನಡುವೆ ಗಾಳಿ ಎಳೆದುಕೊಂಡ. “ಅದು... ಸ್ವಲ್ಪ...”

“ಅವಳ ಮೇಲಿದ್ದದ್ದು. ಅವಳದೇ ಕೆಲಸಕ್ಕೆ ಬೇಕು. ಇನ್ನೆಲ್ಲೂ ಸಿಗುತ್ತಿಲ್ಲ.”

ಸಾಹಿತ್ಯಳ ಕೈಯಲ್ಲಿದ್ದ ಫೋನಿನಿಂದ ಶಾರದಾ ಕಿರುಚಿದಳು. “ಏನ್ ಮಾಡ್ತಿದೀರ ಶ್ರೀಪಾದ? ಹೆಣದ ಮೇಲಿಂದ ತೆಗೆದದ್ದನ್ನ ಯಾರಾದ್ರೂ ಮುಟ್ತಾರಾ? ಮೈಲಿಗೆ! ಭಟ್ಟರೇ, ನೀವಾದ್ರೂ ಹೇಳಿ!”

ಭಟ್ಟರು ಪಂಚಾಂಗದ ಹಾಳೆ ತಿರುವತೊಡಗಿದರು.

“ದೊಡ್ಡಮ್ಮ, ಒನ್ ಮಿನಿಟ್,” ಎಂದು ಸಾಹಿತ್ಯ ಫೋನನ್ನು ಸೇವಂತಿಗೆಯ ಕಡೆಗೆ ತಿರುಗಿಸಿಟ್ಟಳು.

ಒನೋ-ಸಾನ್ ತಟ್ಟೆಯನ್ನು ಮೇಜಿನ ಅಂಚಿಗೆ ಸರಿಸಿದ. ತನ್ನ ಜೇಬಿನಿಂದ ಹೊಸ ಕೈಗವಸಿನ ಜೋಡಿ ತೆಗೆದು ಪಕ್ಕದಲ್ಲಿಟ್ಟ. ಆಮೇಲೆ, ಹೂವು ಸರಿಮಾಡುವವನಂತೆ, ಬೆನ್ನು ತಿರುಗಿಸಿ ನಿಂತ.

ಶ್ರೀಪಾದ ಕೈಗವಸು ಹಾಕಿಕೊಂಡು ಒಂದೊಂದೇ ಇಟ್ಟಿಗೆಯನ್ನು ಡಬ್ಬಕ್ಕೆ ಇಳಿಸಿದ. ಹುಳಿ ಹಿಟ್ಟಿನ ವಾಸನೆ ಇನ್ನೂ ಒಳಗಿತ್ತು. ಕೊನೆಯ ಇಟ್ಟಿಗೆಯ ಬಟ್ಟೆಯ ಮೇಲೆ ಒಂದು ತುಳಸಿ ದಳ ಹೆಪ್ಪುಗಟ್ಟಿ ಅಂಟಿಕೊಂಡಿತ್ತು. ಕಿತ್ತರೆ ಮುರಿಯುತ್ತದೆಂದು ಹಾಗೇ ಬಿಟ್ಟ.

ಕುರೊಕಾವಾ ಹತ್ತಿರ ಬಂದು ನಿಂತು ನೋಡಿದರು. ಅಷ್ಟರಲ್ಲಿ ಅಮೂಲ್ಯ ಫೋನಿನ ಚಿತ್ರವನ್ನು ಅವರಿಗೂ ತೋರಿಸಿದ್ದಳು. ತಮ್ಮ ಸೆಕ್ರೆಟರಿಗೆ ಫೋನ್ ಹಚ್ಚಿ, ಹುಡುಗಿಯೊಬ್ಬಳು ಬರುತ್ತಾಳೆ, ಅಲ್ಲಿಯತನಕ ಫ್ರೀಜರ್ ಮುಟ್ಟಬೇಡಿ ಎಂದಷ್ಟೇ ಹೇಳಿದರು. ಶ್ರೀಪಾದನಿಗೆ ಅದೂ ಸಾಲಲಿಲ್ಲ. ಆ ಮನುಷ್ಯ ಪೆಟ್ಟಿಗೆಯ ಮುಂದೆ ನಿಂತು ತಪ್ಪಾಯಿತು ಎನ್ನಬೇಕಿತ್ತು. ಅವರು ಎನ್ನಲಿಲ್ಲ, ಇವನು ಕೇಳಲಿಲ್ಲ.

“ನೋಡಮ್ಮ,” ಎಂದ ಅಮೂಲ್ಯಳಿಗೆ, ಒನೋ-ಸಾನ್ ಕೊಟ್ಟ ಟೇಪು ಎಳೆಯುತ್ತಾ. “ಟ್ಯೂಬು ಇಟ್ಮೇಲೂ ಹೀಗೇ ಹಚ್ಚು. ಪೂರ್ತಿ ಹಚ್ಚಬೇಡ. ಒಂದು ಮೂಲೆ ಬಿಡು. ಕಾರಿನ ಕಿಟಕಿ ತೆಗೆದೇ ಇರಲಿ.”

“ಗೊತ್ತು ಅಂಕಲ್. ಮೇಡಂ ಹೇಳ್ತಿದ್ರು.”

ಪೆಟ್ಟಿಗೆ ಮುಚ್ಚಿದರು. ಹೊರಗೆ ಕಪ್ಪು ಕಾರಿನ ಮುಂದಿನ ಸೀಟಿನಲ್ಲಿ, ಹೆಂಡತಿಯ ಫೋಟೋ ಮಡಿಲಲ್ಲಿಟ್ಟುಕೊಂಡು ಶ್ರೀಪಾದ ಕೂತ. ಇಲ್ಲಿಯ ಪದ್ಧತಿಯಂತೆ ಚಾಲಕ ಹೊರಡುವ ಮುನ್ನ ಹಾರನ್ನನ್ನು ಒತ್ತಿಹಿಡಿದ. ಒಂದೇ ಉದ್ದನೆಯ ಕೂಗು. ಸಾಲಾಗಿ ನಿಂತವರೆಲ್ಲ ಬಗ್ಗಿದರು.

ಮೊದಲ ಸಿಗ್ನಲ್ಲಿನಲ್ಲಿ ಅಮೂಲ್ಯಳ ಟ್ಯಾಕ್ಸಿ ಪಕ್ಕಕ್ಕೆ ಬಂದು ನಿಂತಿತು. ಮಡಿಲಲ್ಲಿ ಡಬ್ಬ ಅಪ್ಪಿಕೊಂಡು ಅವಳು ಹಿಂದಿನ ಸೀಟಿನಲ್ಲಿದ್ದಳು. ಟೇಪು ಹಚ್ಚದ ಮೂಲೆಯಿಂದ ಬಿಳಿ ಉಸಿರು ಎದ್ದು, ತೆರೆದ ಕಿಟಕಿಯಿಂದ ಹೊರಬಂದು, ಶ್ರೀಪಾದನ ಗಾಜಿಗೆ ತಾಗಿ ಚದುರುತ್ತಿತ್ತು. ಅವನು ಗಾಜು ಇಳಿಸಿದ. ಸಿಗ್ನಲ್ಲು ಹಸಿರಾಯಿತು. ಟ್ಯಾಕ್ಸಿ ಎಡಕ್ಕೆ, ಸಂಸ್ಥೆಯ ಕಡೆಗೆ ತಿರುಗಿತು. ಅವರ ಕಾರು ಬಲಕ್ಕೆ, ಗುಡ್ಡದ ಕಡೆಗೆ. ಇಷ್ಟು ವರ್ಷ ಈ ಊರಿನವರ ಬಗ್ಗುವಿಕೆಯನ್ನು ಆಡಿಕೊಂಡು ನಕ್ಕ ಶ್ರೀಪಾದ, ಸೀಟಿನ ಪಟ್ಟಿ ಎದೆಗೆ ಬಿಗಿಯುವಷ್ಟು ಮುಂದಕ್ಕೆ ಬಗ್ಗಿ, ಆ ಬಿಳಿ ಹೊಗೆ ಮರೆಯಾಗುವವರೆಗೂ ತಲೆ ಎತ್ತಲಿಲ್ಲ.